ಹೊತ್ತು ಮುಳುಗದ ಮನೆ

ನಮ್ಮ ಊರಿನಲ್ಲಿ ಸಂಜೆ ಎಲ್ಲರ ಮನೆಗೂ ಒಟ್ಟಿಗೆ ಬರುವುದಿಲ್ಲ. ಯಾವ ಮನೆಯ ಮಕ್ಕಳ ಪಾಠ ಮುಗಿಯಿತೋ ಆ ಮನೆಗೆ ಬರುತ್ತದೆ, ಮಿಕ್ಕ ಮನೆಗಳ ಮೇಲೆ ಬಿಸಿಲು ಹಾಗೆಯೇ ನಿಂತಿರುತ್ತದೆ. ಶಾಲೆ ಮಧ್ಯಾಹ್ನಕ್ಕೆ ಬಿಡುತ್ತದೆ. ಮಕ್ಕಳು ಅವತ್ತಿನ ಲೆಕ್ಕ, ಕಾಪಿ, ಬಾಯಿಪಾಠ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬರುತ್ತವೆ. ಅಲ್ಲಿಂದ ಮುಂದೆ ಹೊತ್ತು ಇಳಿಸುವುದು ಅವರವರ ಮನೆಯ ಪಾಡು. ಓಣಿಯ ತುದಿಯಲ್ಲಿ ನಿಂತು ನೋಡಿದರೆ ಒಂದು ಮನೆಯಲ್ಲಿ ದೀಪ ಹಚ್ಚಿ ಊಟಕ್ಕೆ ಕೂತಿರುತ್ತಾರೆ, ಅದರ ಮಗ್ಗುಲ ಮನೆಯ ಹೆಂಚಿನ ಮೇಲೆ ಇನ್ನೂ ಮಧ್ಯಾಹ್ನದ ಬಿಸಿಲು ಹೊಳೆಯುತ್ತಿರುತ್ತದೆ. ಮಕ್ಕಳಿಲ್ಲದವರ ಮನೆಗೆ ಸಂಜೆ ತನ್ನ ಪಾಡಿಗೆ ತಾನು ಬಂದು ಹೋಗುತ್ತದೆ. ಹೊರಗಿನ ಬಳೆಗಾರರು ಮೊದಲ ಸಲ ಬಂದಾಗ ತಬ್ಬಿಬ್ಬಾಗುತ್ತಾರೆ. ಎರಡನೆಯ ಸಲ ಬಂದಾಗ, ಬಳೆಯ ಬಣ್ಣ ಚೆನ್ನಾಗಿ ಕಾಣಲಿ ಎಂದು ಬಿಸಿಲಿರುವ ಮನೆಯನ್ನೇ ಹುಡುಕಿಕೊಂಡು ಹೋಗುತ್ತಾರೆ.

ನನ್ನ ಮನೆಗೆ ಸಂಜೆ ಬೇಗ ಬರುತ್ತಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಅದೇನೂ ಪುಕ್ಕಟೆ ಬಂದದ್ದಲ್ಲ. ನಮ್ಮವರು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಗೆ ಬೆಳಗ್ಗೆ ಹೋದರೆ ಮೊಣಕೈವರೆಗೆ ನೀಲಿ ಮಾಡಿಕೊಂಡು ಸಂಜೆಗೇ ಬರುವವರು. ಮನೆಯಲ್ಲಿ ಅತ್ತೆ ಬಾಳವ್ವ, ಮೂರನೆಯ ತರಗತಿಯ ಮಗಳು ಕಸ್ತೂರಿ, ಇನ್ನೂ ಶಾಲೆಯ ಮುಖ ಕಾಣದ ಸಂಗು, ನಾನು. ಕೆಲಸ ಮತ್ತು ಪಾಠ ಎರಡನ್ನೂ ಒಂದೇ ಒಲೆಯ ಮೇಲೆ ಬೇಯಿಸುವುದನ್ನು ನಾನು ಕಲಿತುಕೊಂಡಿದ್ದೆ. ಒಣಮೆಣಸಿನಕಾಯಿ ಕುಟ್ಟುವಾಗ ಮಗ್ಗಿ ಹೇಳಿಸುತ್ತಿದ್ದೆ, ಒಂದೊಂದು ಸಾಲಿಗೆ ಒಂದೊಂದು ಏಟು. ರೊಟ್ಟಿ ಬಡಿಯುತ್ತ ಉಕ್ತಲೇಖನ ಕೊಡುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಅವಳು ಪದ್ಯ ಒಪ್ಪಿಸಬೇಕು. ತಪ್ಪಿದರೆ ನನ್ನ ಬೆರಳು ಮೊರದ ಮೇಲೆ ನಿಲ್ಲುತ್ತಿತ್ತು, ಅಷ್ಟರಿಂದಲೇ ಅವಳಿಗೆ ತಿಳಿಯುತ್ತಿತ್ತು. ಬಟ್ಟೆ ಒಗೆದು ಹಾಕುವುದರೊಳಗೆ ಕಾಪಿ, ಪಾತ್ರೆ ಬೆಳಗುವುದರೊಳಗೆ ಲೆಕ್ಕ. ಕಸ್ತೂರಿ ಚುರುಕಿನ ಹುಡುಗಿ. ಅವಳು ಬಳಪ ಕೆಳಗಿಡುತ್ತಿದ್ದಂತೆ ಬೇವಿನ ಮರದ ಹಿಂದೆ ಹೊತ್ತು ಇಳಿಯುತ್ತಿತ್ತು, ನಾನು ಕೈ ಒರೆಸಿಕೊಂಡು ದೀಪ ಹಚ್ಚುತ್ತಿದ್ದೆ. ಇಡೀ ಓಣಿಗೆ ಮೊದಲ ದೀಪ ನಮ್ಮದು.

ಎದುರುಮನೆಯ ಫಕೀರವ್ವನದು ಇದಕ್ಕೆ ತದ್ವಿರುದ್ಧ. ಮೂರು ಗಂಡುಮಕ್ಕಳು, ಮೂವರೂ ಪುಸ್ತಕ ಕಂಡರೆ ಮಾಳಿಗೆ ಹತ್ತುವವರು. ಅವಳ ಅಂಗಳದಲ್ಲಿ ಬಿಸಿಲು ಎಂಬುದು ಬಾಡಿಗೆಗೆ ಇದ್ದವರ ಹಾಗೆ ಇರುತ್ತಿತ್ತು. ಅವಳ ಕೋಳಿಗಳು ಕಾದು ಕಾದು ಬೇಸತ್ತು ಓಣಿ ದಾಟಿ ಬಂದು ನಮ್ಮ ಕತ್ತಲಲ್ಲಿ ಮಲಗುತ್ತಿದ್ದವು. ಅವುಗಳನ್ನು ಎತ್ತಿಕೊಂಡು ಹೋಗಲು ಬಂದಾಗಲೆಲ್ಲ ಫಕೀರವ್ವ ನಮ್ಮ ಕಟ್ಟೆಯ ಮೇಲೆ ತುಸು ಹೊತ್ತು ಕೂತು, "ಏನ್ ತಂಪೈತಿ ಇಂದ್ರವ್ವ ನಿಮ್ಮ ಮನಿ" ಎನ್ನುತ್ತಿದ್ದಳು. ನಾನು ಒಂದು ಲೋಟ ಮಜ್ಜಿಗೆ ಕೊಟ್ಟು, ಹುಡುಗರನ್ನು ಕೂಡಿಸುವ ಬಗೆ ಹೇಳಿಕೊಡುತ್ತಿದ್ದೆ. ಅವಳು ತಲೆಯಾಡಿಸುತ್ತ ಕೇಳಿ, ಕೋಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಿಗೆ ಹೋಗುತ್ತಿದ್ದಳು.

ಹೀಗಿರುವಾಗ ಅತ್ತೆಗೆ ಜ್ವರ ಬಂತು. ಮೊದಲು ಸಣ್ಣಗೆ ಬಂದದ್ದು ಎದೆಗೆ ಇಳಿಯಿತು. ಕೆಮ್ಮಿದರೆ ಮಂಚವೆಲ್ಲ ಅಲುಗುತ್ತಿತ್ತು. ಕಷಾಯ, ಹೊಟ್ಟಿನ ಕಾವು, ಅಂಗಡಿಯ ಗುಳಿಗೆ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಮ್ಮವರು ಕೆಲಸ ಬಿಟ್ಟು ಡಾಕ್ಟರನ್ನು ಕರೆತಂದರು. ಅವರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಸೂಜಿ ಚುಚ್ಚಿದರು. ಹೊರಗೆ ಪಡಸಾಲೆಗೆ ಬಂದು ಕೈ ತೊಳೆಯುತ್ತ ದನಿ ತಗ್ಗಿಸಿ ಹೇಳಿದರು, "ಮಂಚದಿಂದ ಅಲುಗಾಡಿಸಬ್ಯಾಡ್ರಿ. ಇವತ್ತಿನ ರಾತ್ರಿ ಭಾಳ ಭಾರ ಐತಿ. ಇದೊಂದು ರಾತ್ರಿ ದಾಟಿದ್ರ ಉಳದಂಗ."

ನಮ್ಮವರು ಕಂಬ ಹಿಡಿದು ನಿಂತರು. ನಾನು ಡಾಕ್ಟರ ಕೈಗೆ ಟವೆಲು ಕೊಟ್ಟೆ. ಅದೇ ಹೊತ್ತಿಗೆ ಕಸ್ತೂರಿ ಶಾಲೆಯಿಂದ ಬಂದು ಹೊಸ್ತಿಲಾಚೆ ಚಪ್ಪಲಿ ಬಿಡುತ್ತಿದ್ದಳು ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ.

ಅವತ್ತು ನನಗೆ ಕೆಲಸಕ್ಕೆ ಕೊನೆಯಿರಲಿಲ್ಲ. ಅತ್ತೆಗೆ ಗಂಜಿ, ಹಣೆಗೆ ತಣ್ಣೀರಿನ ಬಟ್ಟೆ, ಉಗುಳುವ ಬಟ್ಟಲು ತೊಳೆಯುವುದು, ನಡುವೆ ಸಂಗುವಿನ ಹಟ. ಇಷ್ಟರ ಮಧ್ಯೆ, ಬೇಗ ಸಂಜೆಯಾದರೆ ಅತ್ತೆಗೆ ತಂಪಾದೀತು, ನಿದ್ದೆ ಹತ್ತೀತು ಎಂದು ನನಗೆ ಅವಸರ. ಕಸ್ತೂರಿಯನ್ನು ಅಡಿಗೆಮನೆಯ ಬಾಗಿಲಲ್ಲಿ ಕೂಡಿಸಿ, "ಇವತ್ತ ಲಗೂ ಮುಗಿಸವ್ವ" ಎಂದೆ. ಅವಳು ತಲೆ ಬಗ್ಗಿಸಿ ಕೂತಳು. ಬಾಯಿಪಾಠ ಒಪ್ಪಿಸಿದಳು. ಕಾಪಿ ಬರೆದಳು. ಲೆಕ್ಕಕ್ಕೆ ಪಾಟಿ ತೆಗೆದಳು. ಅಲ್ಲಿಗೆ ನಿಂತಳು.

ನಾನು ಹಿಟ್ಟು ನಾದಿದೆ, ಬಡಿದೆ, ಬೇಯಿಸಿದೆ. ಅವಳು ಪಾಟಿ ಹಿಡಿದು ಕೂತಿದ್ದಳು. ಪಾತ್ರೆ ಬೆಳಗಿ ಬಂದೆ. ಕೂತಿದ್ದಳು. ಇಣುಕಿ ನೋಡಿದರೆ ಎಲ್ಲ ಲೆಕ್ಕ ಆಗಿವೆ, ಕೊನೆಯದೊಂದು ಉಳಿದಿದೆ. ಹದಿನೆಂಟು ಬಾಳೆಹಣ್ಣನ್ನು ಮೂರು ಮಂದಿಗೆ ಸಮನಾಗಿ ಹಂಚಬೇಕು. ಇದಕ್ಕಿಂತ ತೊಡಕಿನ ಲೆಕ್ಕಗಳನ್ನು ಅವಳು ಸಂಗುವನ್ನು ಆಡಿಸುತ್ತ ಬಾಯಲ್ಲೇ ಹೇಳಿದ್ದುಂಟು.

"ಯಾಕ ಕುಂತಿ?" ಎಂದು ಕೇಳಿದೆ.

"ಬರವಲ್ದು" ಎಂದಳು.

"ಮೂರರ ಮಗ್ಗಿ ಹೇಳು."

ಹೇಳಿದಳು, ಒಂದೂ ತಪ್ಪಿಲ್ಲದೆ. "ಈಗ ಬರಿ" ಎಂದೆ. "ಬರವಲ್ದು" ಎಂದಳು.

ಕಡಲೆ ತಂದು ಅವಳ ಮುಂದೆ ಗುಡ್ಡೆ ಹಾಕಿ ಹಂಚಿ ತೋರಿಸಿದೆ. ಜೋರು ಮಾಡಿದೆ. ಆಮೇಲೆ ಮುದ್ದು ಮಾಡಿದೆ. ಮಾವಿನ ಹಪ್ಪಳ ಕೊಡುತ್ತೇನೆ ಎಂದೆ. ಒಲೆಯ ಮೇಲೆ ಗಂಜಿ ಉಕ್ಕಿ ಸುರಿಯಿತು, ಓಡಿದೆ. ಒಳಗೆ ಅತ್ತೆ ಕೆಮ್ಮಿದರು, ಅಲ್ಲಿಗೆ ಓಡಿದೆ. ತಿರುಗಿ ಬಂದರೆ ಕಸ್ತೂರಿ ಮೊದಲಿನ ಹಾಗೆಯೇ. ಅಂಗಳದ ಬಿಸಿಲು ಒಗೆಯುವ ಕಲ್ಲಿನ ಮೇಲೆ ಬಿದ್ದದ್ದು ಅಲ್ಲೇ ಬಿದ್ದಿತ್ತು.

ಓಣಿಯಲ್ಲಿ ಒಂದೊಂದೇ ಮನೆಗೆ ಸಂಜೆಯಾಯಿತು. ಆಮೇಲೆ ಫಕೀರವ್ವನ ಮನೆಗೂ ಆಯಿತು. ಹೋಗಿ ಬರುವವರು ನಮ್ಮ ಬಾಗಿಲ ಮುಂದೆ ನಡಿಗೆ ನಿಧಾನ ಮಾಡಿ ಹೆಂಚಿನ ಮೇಲಿನ ಬಿಸಿಲು ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡಬಹುದಿತ್ತು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಒಣಗಿ ಕಟ್ಟಿಗೆಯಾಗಿದ್ದ ಬಟ್ಟೆಗಳನ್ನು ಮತ್ತೊಮ್ಮೆ ತಿರುವಿ ಹಾಕಿದೆ.

ಬಿಸಿಲು ನಿಂತ ಮನೆಯಲ್ಲಿ ಮೈಗೆ ಆಯಾಸವಾಗದೇ ಇರುವುದಿಲ್ಲ. ನಮ್ಮವರು ಮುಖದ ಮೇಲೆ ಪಂಚೆ ಹೊದ್ದು ಪಡಸಾಲೆಯಲ್ಲಿ ಅರೆನಿದ್ದೆ ಮಾಡಿದರು. ಸಂಗು ಅತ್ತು ಅತ್ತು ನನ್ನ ಹೆಗಲ ಮೇಲೆ ಮಲಗಿದ. ಕಸ್ತೂರಿ ಗೋಡೆಗೆ ಒರಗಿ ಪಾಟಿಯನ್ನು ಅಪ್ಪಿಕೊಂಡು ತೂಕಡಿಸಿದಳು. ನಾನು ಅತ್ತೆಯ ಕಿಟಕಿಗೆ ಕಂಬಳಿ ಕಟ್ಟಿದೆ. ಕತ್ತಲೇನೋ ಆಯಿತು, ಆದರೆ ಕೋಣೆ ಹಂಡೆಯ ಹಾಗೆ ಕಾದು ಅವರಿಗೆ ಉಸಿರಾಡಲು ಕಷ್ಟವಾಯಿತು. ಬಿಚ್ಚಿದೆ. ಹೆಂಚಿನ ಸಂದಿಯಿಂದ ಬಿಸಿಲಿನ ಕೋಲುಗಳು ಅವರ ರೆಪ್ಪೆಯ ಮೇಲೇ ಬೀಳುತ್ತಿದ್ದವು. "ಹೊತ್ತು ಎಷ್ಟಾತು?" ಎಂದು ಕೇಳುತ್ತಿದ್ದರು. "ಇನ್ನೇನು ಸಂಜಿ ಆಗತೈತ್ರಿ ಅತ್ತಿ" ಎಂದು ನಾನು ಅನ್ನುತ್ತಿದ್ದೆ.

ಬೇರೆಯವರ ಬೆಳಗಾಯಿತು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಹುಡುಗರು ಚೀಲ ಹಾಕಿಕೊಂಡು ತಂಪಿನಲ್ಲಿ ಶಾಲೆಗೆ ಹೊರಟರು. ನಮ್ಮ ಮನೆಯ ಮುಂದೆ ಬರುತ್ತಿದ್ದಂತೆ ಬಿಸಿಲು ತಾಗಿ ಕಣ್ಣು ಕಿರಿದು ಮಾಡಿಕೊಂಡು ದಾಟಿ ಹೋದರು. ಕಸ್ತೂರಿ ಬಾಗಿಲ ಸಂದಿಯಿಂದ ಅವರನ್ನೇ ನೋಡುತ್ತಿದ್ದಳು. ಶಾಲೆ ತಪ್ಪಿಸಿದವಳಲ್ಲ ಅವಳು. ಕಣ್ಣು ತುಂಬಿ ಬಂದಿತ್ತು, ಆದರೂ ಬಳಪ ಮುಟ್ಟಲಿಲ್ಲ.

ಫಕೀರವ್ವ ಬಂದಳು. ಕರೆದಿರಲಿಲ್ಲ. ಒಂದು ಬುಟ್ಟಿಯಲ್ಲಿ ರೊಟ್ಟಿ, ಕಂಕುಳಲ್ಲಿ ಒದ್ದೆ ಗೋಣಿಚೀಲಗಳ ಕಟ್ಟು. ನನ್ನ ಮುಖ ನೋಡಿ ನೇರ ಅತ್ತೆಯ ಕೋಣೆಗೆ ಹೋಗಿ ಕಿಟಕಿಗೆ ಗೋಣಿ ಇಳಿಬಿಟ್ಟಳು. ಹೊರಗಿನ ಗಾಳಿ ಆ ಒದ್ದೆಯಲ್ಲಿ ಹಾದು ತಂಪಾಗಿ ಬರತೊಡಗಿತು. ಹಾಲಿನ ಪಾತ್ರೆಯನ್ನು ಒದ್ದೆ ಮರಳಲ್ಲಿ ಕುತ್ತಿಗೆವರೆಗೆ ಹೂತಿಟ್ಟಳು. "ಬಿಸಿಲಾಗ ಬಾಳೇವು ಮಾಡೂದು ನನಗ ರೂಢಿ ಐತಿ" ಎಂದಳು. "ನೀ ಎಲ್ಲಾ ಕೆಲಸ ಒಮ್ಮೆಲೆ ಮುಗಸಾಕ ಹೋಗಬ್ಯಾಡ ಇಂದ್ರವ್ವ. ಹೊತ್ತು ಮುಳುಗೂದಿಲ್ಲಂದ ಮ್ಯಾಲ ಯಾಕ ಓಡ್ತಿ? ಕುಂದ್ರು. ಒಂದು ರೊಟ್ಟಿ ತಿನ್ನು."

ಮುಗಿಯದ ಕೆಲಸಗಳ ನಡುವೆ ಕೂತು ತಿಂದದ್ದು ಅದೇ ಮೊದಲು. ತಿನ್ನುತ್ತ ತಿನ್ನುತ್ತ ನನಗೆ ಅಳು ಬಂತು. ಫಕೀರವ್ವ ರೊಟ್ಟಿಗೆ ಶೇಂಗಾ ಹಿಂಡಿ ಬಡಿಸಿದಳು.

"ನಿಮ್ಮತ್ತೀನ್ನ ನಮ್ಮ ಮನಿಗೆ ಕರಕೊಂಡು ಬಾ, ಈಗ ನಾಕು ದಿನದಿಂದ ನಮ್ಮ ಹುಡುಗ್ರು ಬಗ್ಗಿ ಓದಾಕತ್ತಾವ, ಕತ್ತಲ ಲಗೂನ ಆಗತೈತಿ" ಎಂದಳು. ಡಾಕ್ಟರು ಅಲುಗಾಡಿಸಬೇಡಿ ಎಂದದ್ದನ್ನು ಹೇಳಿದೆ. ಒಳಗಿನಿಂದ ಅತ್ತೆಯೂ, "ಬ್ಯಾರೆಯವರ ಕತ್ತಲದಾಗ ನನಗ ನಿದ್ದಿ ಹತ್ತೂದಿಲ್ಲವ್ವ" ಎಂದರು. ಆ ದನಿ ಕೇಳಿಯೇ ನನಗೆ ಹೆದರಿಕೆಯಾಯಿತು, ಅಷ್ಟು ತೆಳ್ಳಗಾಗಿತ್ತು.

ಡಾಕ್ಟರು ತಮ್ಮ ಬೆಳಗಿನ ಸುತ್ತು ಮುಗಿಸಿ ನಮ್ಮ ಮಧ್ಯಾಹ್ನಕ್ಕೆ ಬಂದರು. ನಾಡಿ ಹಿಡಿದು ನೋಡಿದರು. ಜ್ವರ ಇಳಿದಿರಲಿಲ್ಲ, ಏರಿರಲೂ ಇಲ್ಲ. "ಹೊತ್ತು ನಿಂತಲ್ಲೆ ಜ್ವರಾನೂ ನಿಂತೈತಿ. ಆದ್ರ ಮೈಯಾಗಿನ ಶಕ್ತಿ ಸೋರಾಕತ್ತೈತಿ" ಎಂದರು. "ನಿದ್ದಿ ಇಲ್ಲದ ಜೀವ ಎಷ್ಟು ತಡೀತೈತಿ? ಹ್ಯಾಂಗರ ಮಾಡಿ ಸಂಜಿ ಮಾಡ್ರಿ." ಅವರು ಹೋದ ಮೇಲೆ ನಾನು ಕಸ್ತೂರಿಯ ಮುಂದೆ ಬಂದು ನಿಂತೆ. ಹೊಡೆಯಬೇಕು ಎಂದೇ ಬಂದದ್ದು. ಅವಳು ನನ್ನ ಕೈ ನೋಡಿ ಪಾಟಿಯನ್ನು ಎದೆಗೆ ಇನ್ನಷ್ಟು ಅವುಚಿಕೊಂಡಳು. ಕೈ ಏಳಲಿಲ್ಲ. ಹಾಗೇ ಬಾವಿಕಟ್ಟೆಗೆ ಹೋಗಿ ಕೊಡಕ್ಕೆ ನೀರು ಸೇದತೊಡಗಿದೆ.

ಅಡಿಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಹಗ್ಗ ಎಳೆಯುತ್ತಿದ್ದಾಗ ಬೆನ್ನ ಮೇಲಿನ ಬಿಸಿಲು ಒಮ್ಮೆಲೇ ಮೆತ್ತಗಾಯಿತು. ಗೋಡೆಯ ನೆರಳು ನೆಲದ ಮೇಲೆ ತುಸು ಸರಿಯಿತು. ಎಷ್ಟೋ ಹೊತ್ತಿನಿಂದ ಸುಮ್ಮನಿದ್ದ ಬೇವಿನ ಎಲೆಗಳು ಅಲುಗಿದವು. ಸಂಜೆಯಾಯಿತು ಎಂದು ತಿರುಗಿ ನೋಡಿದೆ. ಕಸ್ತೂರಿ ಪಾಟಿಯ ಮೇಲೆ ಏನೋ ಬರೆದು ಅದನ್ನೇ ನೋಡುತ್ತಿದ್ದಳು. ಮರುಗಳಿಗೆಗೆ ಬೆರಳನ್ನು ನಾಲಿಗೆಗೆ ಒತ್ತಿ ಅದನ್ನು ಅಳಿಸಿದಳು. ಬಿಸಿಲು ತಿರುಗಿ ನನ್ನ ಹೆಗಲ ಮೇಲೆ ಕೂತಿತು.

ಕೊಡ ಅಲ್ಲೇ ಬಿಟ್ಟು ಬಂದು ಅವಳ ಎದುರಿಗೆ ಕೂತೆ.

"ನಿನಗ ಲೆಕ್ಕ ಬರತೈತಿ" ಎಂದೆ.

ಅವಳು ಒದ್ದೆ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು.

"ಯಾಕ ಅಳಸಿದಿ ಕಸ್ತೂರಿ? ನಾ ಬೈಯೂದಿಲ್ಲ."

ಪಾಟಿಯ ಕಡೆಗೇ ನೋಡುತ್ತ ಹೇಳಿದಳು, "ರಾತ್ರಿ ಭಾರ ಐತಿ ಅಂದ್ರಲ್ಲ ಡಾಕ್ಟ್ರು. ರಾತ್ರಿ ದಾಟಿದ್ರ ಆಯಿ ಉಳೀತಾಳ ಅಂದ್ರಲ್ಲ." ಪಾಟಿಯ ಅಂಚನ್ನು ಉಗುರಿನಿಂದ ಕೆರೆದಳು. "ರಾತ್ರೀನ ಬರಲಿಲ್ಲ ಅಂದ್ರ ದಾಟೂದ ಬೇಕಾಗೂದಿಲ್ಲಲ್ಲ ಅವ್ವ."

ಪಡಸಾಲೆಯಲ್ಲಿ ಮಲಗಿದ್ದ ನಮ್ಮವರು ಎದ್ದು ಕೂತಿದ್ದರು. ಅವರಿಗೂ ಕೇಳಿತ್ತು. ನಾನು ಮಗಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡೆ. ಆ ಸಣ್ಣ ಮೈ ಕೂತು ಕೂತು ಹಲಗೆಯ ಹಾಗೆ ಬಿಗಿದಿತ್ತು. ಒಬ್ಬಳೇ ಇಡೀ ಮನೆಯ ಹೊತ್ತನ್ನು ಹಿಡಿದುಕೊಂಡು ಕೂತಿದ್ದಳು, ಶಾಲೆ ಬಿಟ್ಟು, ನನ್ನ ಬೈಗುಳ ತಿಂದು, ಯಾರಿಗೂ ಹೇಳದೆ.

ನಾನು ಬರಿ ಎಂದು ಹೇಳಬೇಕಿತ್ತು. ಡಾಕ್ಟರು ಸಂಜೆ ಮಾಡಿ ಎಂದು ಹೋಗಿದ್ದರು. ಆದರೆ ಆ ಬಾಗಿಲ ಆಚೆ ಅತ್ತೆ ಉಸಿರಾಡುತ್ತಿದ್ದರು, ಈ ಮನೆಗೆ ಬಂದಾಗ ಒಲೆ ಹೊತ್ತಿಸಲೂ ಬಾರದ ನನಗೆ ಊದುಗೊಳವೆ ಹಿಡಿಯುವುದನ್ನು ಕಲಿಸಿದ ಹೆಂಗಸು. ಕತ್ತಲಾದರೆ ಆ ಉಸಿರು ನಿಂತೀತು. ಬೆಳಕಿರುವ ತನಕ ನಿಲ್ಲುವುದಿಲ್ಲ. ದಿನವೂ ಸಂಜೆಯನ್ನು ಹಗ್ಗ ಹಾಕಿ ಎಳೆದುಕೊಂಡು ಬರುತ್ತಿದ್ದ ನಾನು, ಈಗ ಮಗಳ ಬಲಗೈಯನ್ನು ನನ್ನ ಅಂಗೈಯೊಳಗೆ ಮುಚ್ಚಿ ಹಿಡಿದು ಕೂತಿದ್ದೆ.

"ಬರೀಬ್ಯಾಡವ್ವ" ಎಂದರು ನಮ್ಮವರು, ಹತ್ತಿರ ಬಂದು. "ಜ್ವರ ಏರೂದಿಲ್ಲ ಅಂದಾರಲ್ಲ. ಇರಲಿ. ಹಿಂಗ ಇದ್ದುಬಿಡೋಣ."

"ಶಕ್ತಿ ಸೋರಾಕತ್ತೈತಿ ಅಂದಾರರೀ" ಎಂದೆ.

"ಗಂಜಿ ಹಾಕೋಣ. ಹಾಲು ಹಾಕೋಣ." ನೀಲಿ ಹತ್ತಿದ ಕೈಗಳನ್ನು ಮುಖಕ್ಕೆ ಒತ್ತಿಕೊಂಡರು. ತಾಯಿಯ ಎದುರು ಎಂದೂ ದನಿ ಎತ್ತದ ಮನುಷ್ಯ, ಸಣ್ಣ ಹುಡುಗರ ಹಾಗೆ ಬಿಕ್ಕಿದರು.

ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆದರು. "ಯಾರದು ಅಳೂದು? ಎಲ್ಲಾರೂ ಇಲ್ಲೆ ಬರ್ರಿ."

ಹೋದೆವು. ಅವರ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಒಣಗಿದ ತುಟಿಗೆ ನಾನು ಒದ್ದೆ ಬಟ್ಟೆ ಒತ್ತಿದೆ. ಹೆಂಚಿನ ಮನೆಯಲ್ಲಿ ಗೋಡೆಗಳು ಮಾಡಿನವರೆಗೆ ಇರುವುದಿಲ್ಲ, ಆಡಿದ್ದೆಲ್ಲ ಅವರಿಗೆ ಕೇಳಿತ್ತು.

"ಕಸ್ತೂರಿ, ಎಂಥಾ ಲೆಕ್ಕ ಅದು? ಓದು" ಎಂದರು.

ಅವಳು ಪಾಟಿ ನೋಡದೆ ಹೇಳಿದಳು, "ಹದಿನೆಂಟು ಬಾಳಿಹಣ್ಣು. ಮೂರು ಮಂದಿಗೆ ಸಮ ಹಂಚಬೇಕು."

"ಆರಾರು" ಎಂದರು ಅತ್ತೆ. "ಇಷ್ಟಕ್ಕ ನನ್ನ ಎರಡು ದಿನ ಬಿಸಿಲಾಗ ಒಣಗಿಸಿದೇನ, ಹಪ್ಪಳ ಒಣಗಿಸಿದಂಗ?"

ಯಾರಿಗೂ ನಗು ಬರಲಿಲ್ಲ. ಅವರು ಕೈ ಚಾಚಿ ಕಸ್ತೂರಿಯನ್ನು ಮಂಚದ ಅಂಚಿಗೆ ಕೂಡಿಸಿಕೊಂಡರು. ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು.

"ಆಯಿ, ನೀ ಸಾಯ್ತಿಯೇನ?" ಎಂದು ಕಸ್ತೂರಿ ಕೇಳಿದಳು. ನಾನು ತಡೆಯಲು ಹೋದೆ. ಅತ್ತೆ ಕಣ್ಣಲ್ಲೇ ಬೇಡ ಎಂದರು.

"ಗೊತ್ತಿಲ್ಲ ಮಗಳ. ಡಾಕ್ಟ್ರಿಗೂ ಗೊತ್ತಿಲ್ಲ. ನಾ ಇರೂದು ಹೋಗೂದು ರಾತ್ರಿ ಕೈಯಾಗೂ ಇಲ್ಲ, ನಿನ್ನ ಪಾಟಿ ಮ್ಯಾಲೂ ಇಲ್ಲ. ನೀ ಬರದೀ ಅಂತ ನಾ ಹೋಗೂದಿಲ್ಲ. ನೀ ಬರೀಲಿಲ್ಲಂತ ಉಳಿಯೂದೂ ಇಲ್ಲ." ಕೆಮ್ಮು ಬಂತು. ಎತ್ತಿ ಹಿಡಿದೆವು. ಕೆಮ್ಮು ನಿಂತ ಮೇಲೆ ದಿಂಬಿಗೆ ಒರಗಿ ಹೇಳಿದರು, "ನನ್ನ ನಿದ್ದಿ ಮಾತ್ರ ನಿನ್ನ ಕೈಯಾಗ ಐತಿ. ಭಾಳ ದಣಿದೀನವ್ವ. ಕಣ್ಣಿಗೆ ಚೂರು ಕತ್ತಲ ಕೊಡು."

ಕಸ್ತೂರಿ ಅಪ್ಪನ ಮುಖ ನೋಡಿದಳು. ಅವರು ಗೋಡೆಯ ಕಡೆ ತಿರುಗಿದ್ದರು. ನನ್ನ ಮುಖ ನೋಡಿದಳು. ನಾನು ಅವಳ ಕೈಯಲ್ಲಿ ಬಳಪ ಇಟ್ಟೆ. ಆ ಗಳಿಗೆಯಲ್ಲಿ ನನಗೆ ಧೈರ್ಯವಿತ್ತು ಎಂದು ಹೇಳಲಾರೆ. ಅತ್ತೆ ಕೇಳಿದ್ದನ್ನು ಇಲ್ಲವೆನ್ನುವ ರೂಢಿ ನನಗಿರಲಿಲ್ಲ, ಅಷ್ಟೇ.

ಅವಳು ಮಂಚದ ಮೇಲೆಯೇ ಪಾಟಿ ಇಟ್ಟುಕೊಂಡು, ಅಜ್ಜಿಯ ಮೊಣಕಾಲಿಗೆ ಮೊಣಕೈ ಊರಿ, ನಿಧಾನವಾಗಿ ಆರು ಎಂದು ಬರೆದಳು. ಅಳಿಸಿಬಿಡುತ್ತಾಳೋ ಎಂದು ನೋಡುತ್ತಿದ್ದೆ. ಅವಳು ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿ ಹಿಡಿದುಕೊಂಡಳು.

ಮೊದಲು ಹೆಂಚಿನ ಸಂದಿಯ ಬಿಸಿಲಿನ ಕೋಲುಗಳು ಹಳದಿಯಾದವು, ಓರೆಯಾದವು, ಗೋಡೆ ಹತ್ತಿ ಹೋದವು. ಹೊರಗೆ ಬೇವಿನ ಮರ ಜೋರಾಗಿ ಉಸಿರು ಬಿಟ್ಟಿತು. ಎರಡು ದಿನದ ಕಾವು ಗೋಡೆಗಳಿಂದ ಇಳಿದು ಬಾಗಿಲಾಚೆ ಹೋದದ್ದು ಕಾಲಿಗೆ ತಾಗುವ ಹಾಗಿತ್ತು. ಆಕಾಶ ಕೆಂಪಗೆ, ಆಮೇಲೆ ಬೂದು. ಅತ್ತೆ ಒಂದು ಉದ್ದನೆಯ ಉಸಿರು ಎಳೆದುಕೊಂಡರು. ಕಣ್ಣು ಮುಚ್ಚಿದರು. ನಾನು ದೀಪ ಹಚ್ಚಲು ಎದ್ದರೆ, ಕಣ್ಣು ಮುಚ್ಚಿಕೊಂಡೇ "ಬ್ಯಾಡ" ಎಂದರು.

ಆ ರಾತ್ರಿಯ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಮನೆಯಲ್ಲಿ ಮಾಡಲು ಒಂದು ಕೆಲಸವೂ ಉಳಿದಿರಲಿಲ್ಲ, ಎಲ್ಲ ಆ ಉದ್ದನೆಯ ಮಧ್ಯಾಹ್ನದಲ್ಲಿ ಮುಗಿದುಹೋಗಿತ್ತು. ನಾವು ನಾಲ್ವರೂ ಮಂಚದ ಕೆಳಗೆ ಚಾಪೆ ಹಾಕಿಕೊಂಡು ಅವರ ಉಸಿರು ಕೇಳುತ್ತ ಕೂತೆವು. ಕೂತವರು ಯಾವಾಗ ಮಲಗಿದೆವೋ ತಿಳಿಯದು.

ಎಚ್ಚರವಾದಾಗ ಬೆಳಕು ಹರಿದಿತ್ತು. ಎಲ್ಲರ ಬೆಳಗೂ ನಮ್ಮ ಬೆಳಗೂ ಒಂದೇ ಆಗಿ ಓಣಿಯಲ್ಲಿ ಕೊಡಗಳ ಸದ್ದು ಕೇಳುತ್ತಿತ್ತು. ಉಸಿರಿನ ಸದ್ದು ಮಾತ್ರ ಕೇಳಲಿಲ್ಲ. ನನಗೆ ತಲೆ ಎತ್ತಿ ಮಂಚದ ಕಡೆ ನೋಡಲು ಆಗಲಿಲ್ಲ. ಕೈ ಮಾತ್ರ ಮೇಲೆ ಚಾಚಿ ಮುಟ್ಟಿದೆ. ಹಾಸಿಗೆ ಒದ್ದೆಯಾಗಿತ್ತು. ಅತ್ತೆಯ ಕೈಯೂ ಒದ್ದೆ, ತಣ್ಣಗೆ.

"ಸೀರಿ ಬದಲ ಮಾಡಬೇಕವ್ವ" ಎಂದರು ಅತ್ತೆ. "ಬೆವತು ಬೆವತು ತೊಯ್ದು ತೊಪ್ಪಿ ಆಗೀನಿ. ನಿಮ್ಮನ್ನ ಎಬ್ಬಸಬಾರದಂತ ಸುಮ್ಮನ ಬಿದ್ದೀನಿ."

ಹಣೆ ಮುಟ್ಟಿದೆ. ಮುಂಜಾನೆಯ ನೆಲದ ಹಾಗೆ ತಂಪಾಗಿತ್ತು. ಕೆಮ್ಮದೆ, ಏದುಸಿರಿಲ್ಲದೆ, ಸದ್ದಿಲ್ಲದೆ ಉಸಿರಾಡುತ್ತಿದ್ದರು, ಅದಕ್ಕೇ ನನಗೆ ಕೇಳಿರಲಿಲ್ಲ. ನಾನು ನಮ್ಮವರನ್ನು ಅಲುಗಿಸಿ ಎಬ್ಬಿಸಿದೆ. ಮಂಚದ ಕಡೆ ಕೈ ತೋರಿಸಿದೆ. ಅವರು ತಾಯಿಯ ಪಾದ ಹಿಡಿದು ಕೂತುಬಿಟ್ಟರು. "ಕಾಲು ಬಿಡೊ, ಕೆಲಸಕ್ಕ ಹೊತ್ತಾಗತೈತಿ" ಎಂದು ಅತ್ತೆ ಬೈದರು. ಆ ಬೈಗುಳ ಕೇಳಿ ಕಸ್ತೂರಿ ಎದ್ದಳು. ಅಜ್ಜಿಯನ್ನು ನೋಡಿದಳು, ಹೊರಗಿನ ಬೆಳಕು ನೋಡಿದಳು. ಹೋಗಿ ಮುಖ ತೊಳೆದು, ಎಣ್ಣೆಯ ಬಟ್ಟಲು ಹಿಡಿದುಕೊಂಡು ನನ್ನ ಮುಂದೆ ಬಂದು ಕೂತಳು. ಶಾಲೆಗೆ ಹೆರಳು ಹಾಕಬೇಕಿತ್ತು.

ಡಾಕ್ಟರು ಬಂದು ಹೋದರು. ಫಕೀರವ್ವ ತನ್ನ ಗೋಣಿಚೀಲ ತೆಗೆದುಕೊಂಡು ಹೋಗಲು ಬಂದು, ಅತ್ತೆ ಗಂಜಿ ಕುಡಿಯುವುದನ್ನು ನೋಡುತ್ತ ಬಹಳ ಹೊತ್ತು ಕೂತಳು. ಅವತ್ತು ನಾನು ಅವಳಿಗೆ ಹುಡುಗರ ಓದಿನ ವಿಷಯ ಏನೂ ಹೇಳಲಿಲ್ಲ. ಅವಳೇ, ಸಣ್ಣವನು ಎರಡಕ್ಷರ ಕೂಡಿಸಿ ಓದಿದ ಎಂದು ಹೇಳಿದಳು. ಇಬ್ಬರೂ ಸೇರಿ ಮೆಂತ್ಯೆ ಸೊಪ್ಪು ಬಿಡಿಸಿದೆವು.

ನಾನು ಪೂರ್ತಿ ಬದಲಾದೆ ಎಂದರೆ ಸುಳ್ಳಾದೀತು. ಈಗಲೂ ಮೆಣಸಿನಕಾಯಿ ಕುಟ್ಟುವಾಗ ಮಗ್ಗಿ ಹೇಳಿಸುತ್ತೇನೆ. ನಮ್ಮವರು ಸಂಜೆ ಬಂದ ಮೇಲೆ ಪಾತ್ರೆ ಬೆಳಗುತ್ತಾರೆ. ಅರ್ಧ ನೀಲಿ ಪಾತ್ರೆಗೂ ಹತ್ತುತ್ತದೆ, ತಿರುಗಿ ತೊಳೆಯುವ ಕೆಲಸ ನನಗೆ. ಕಸ್ತೂರಿ ಲೆಕ್ಕದ ಮುಂದೆ ತಡೆದು ನಿಂತರೆ ಮಾತ್ರ ನಾನು ಕೈಲಿದ್ದುದನ್ನು ಇಟ್ಟು ಅವಳ ಎದುರಿಗೆ ಕೂರುತ್ತೇನೆ, ಹಿಟ್ಟು ಒಣಗಿದರೂ ಸರಿ.

ಅತ್ತೆ ಗೋಡೆ ಹಿಡಿಯದೆ ನಡೆಯುವ ಹಾಗಾದ ಮೇಲೆ, ಒಂದು ದಿನ ಬೆಚ್ಚಗೆ ನೀರು ಕಾಯಿಸಿ ಅವರ ತಲೆಗೆ ಹಾಕಿದೆ. ಜಡೆಗಟ್ಟಿದ್ದ ಕೂದಲು ಬಿಡಿಸಿ ಬೆನ್ನಿಗೆ ಹರಡಿ ಅಂಗಳದಲ್ಲಿ ಕೂಡಿಸಿದೆ. ಕಸ್ತೂರಿ ಶಾಲೆಯಿಂದ ಬಂದು, ಉಂಡು, ಪಾಠಕ್ಕೆ ಕೂತಳು. ಎಲ್ಲ ಬಂದುಬಿಟ್ಟಿತು. ಕಾಪಿಯ ಕೊನೆಯ ಸಾಲಿಗೆ ಬಂದು ಪೆನ್ಸಿಲು ತಡೆದು ನನ್ನ ಕಡೆ ನೋಡಿದಳು.

"ಅವ್ವ, ಮುಗಿಸ್ಲೇನ?"

"ಆಯೀನ ಕೇಳು" ಎಂದೆ.

ಅತ್ತೆ ಕೂದಲನ್ನು ಮುಂದಕ್ಕೆ ಹಾಕಿಕೊಂಡು ಬೆರಳಾಡಿಸಿ ನೋಡಿದರು. "ಇನ್ನೂ ಹಸಿ ಐತಿ" ಎಂದರು. "ಬಿಸಿಲು ಇನ್ನಷ್ಟು ಹೊತ್ತು ಇರಲಿ."

ಕಸ್ತೂರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೋಗಿ ಅಜ್ಜಿಯ ಬೆನ್ನ ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದಳು. ಓಣಿಯಲ್ಲಿ ಆಗಲೇ ಎರಡು ಮೂರು ಮನೆಗೆ ದೀಪ ಹತ್ತಿತ್ತು. ನಾನು ಹಿಟ್ಟಿನ ಕೈ ತೊಳೆದುಕೊಂಡು ಬಂದು ಅವರ ಪಕ್ಕದಲ್ಲಿ, ಬಿಸಿಲಿಗೆ ಕಾಲು ಚಾಚಿ ಕೂತೆ.